ಮುಹೂರ್ತಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ

ವಿಶಾಖಪಟ್ಟಣದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಮಧುರವಾಡ ಸಿಗುತ್ತದೆ. ಕ್ರಿಕೆಟ್ ನೋಡುವವರಿಗೆ ಅದು ಸ್ಟೇಡಿಯಂ ಇರುವ ಜಾಗ, ಸಾಫ್ಟ್‌ವೇರ್‌ನವರಿಗೆ ಐಟಿ ಗುಡ್ಡ. ಉಳಿದವರಿಗೆ ಅದು ಒಂದರ ಪಕ್ಕ ಒಂದು ಎದ್ದಿರುವ ಅಪಾರ್ಟ್‌ಮೆಂಟುಗಳ ಊರು. ಅಲ್ಲಿ ಒಂದು ಕನ್ನಡದ ಮನೆಯನ್ನು ಊಹಿಸಿಕೊಳ್ಳಿ. ಯಜಮಾನರು ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಬಂದು, ನಿವೃತ್ತರಾಗಿ, ಊರಿಗೆ ವಾಪಸು ಹೋಗುವ ಮಾತನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಅಲ್ಲೇ ಫ್ಲ್ಯಾಟ್ ಕೊಂಡವರು. ಓದಲು ಫ್ರಾನ್ಸಿಗೆ ಹೋದ ಮಗಳು ಒಂದು ಭಾನುವಾರ ವಿಡಿಯೊ ಕಾಲ್‌ನಲ್ಲಿ ತನ್ನ ಪಕ್ಕದಲ್ಲಿ ಒಬ್ಬ ಹುಡುಗನನ್ನು ಕೂರಿಸಿಕೊಂಡು, "ಅಪ್ಪಾ, ಇವನೇ" ಎನ್ನುತ್ತಾಳೆ.

ಇಪ್ಪತ್ತು ವರ್ಷದ ಹಿಂದೆ ಇಂಥ ಫೋನು ಬಂದರೆ ಮನೆಯಲ್ಲಿ ಒಂದು ತಿಂಗಳು ಅಡುಗೆಗೆ ರುಚಿ ಇರುತ್ತಿರಲಿಲ್ಲ. ಈಗ ಹಾಗಿಲ್ಲ. ಒಂದೆರಡು ದಿನ ಮೌನ, ಆಮೇಲೆ ಅಮ್ಮನ ಪ್ರಶ್ನೆಗಳು ಶುರು. ಮದುವೆ ಎಲ್ಲಿ? ಯಾವ ಮಾಸ? ಅವರ ಕಡೆಯಿಂದ ಎಷ್ಟು ಜನ ಬರುತ್ತಾರೆ, ಅವರಿಗೆ ಖಾರ ಆಗುತ್ತದೆಯೆ? ಅಜ್ಜಿಗೆ ಹೇಗೆ ಹೇಳುವುದು? ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದು ಈ ಪಟ್ಟಿಯಲ್ಲಿ ಇರುವುದೇ ಇಲ್ಲ: ಈ ಮದುವೆ ಯಾವ ಕಾನೂನಿನ ಅಡಿಯಲ್ಲಿ?

ಅದನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಅದೇ ವಿಶಾಖಪಟ್ಟಣದ ಕೌಟುಂಬಿಕ ನ್ಯಾಯಾಲಯದಲ್ಲಿ ಸಿಗುತ್ತದೆ. 1996ರ ಅಕ್ಟೋಬರಿನಲ್ಲಿ ಒಬ್ಬ ರೋಮನ್ ಕ್ಯಾಥೊಲಿಕ್ ಯುವಕ ಮತ್ತು ಒಬ್ಬ ಹಿಂದೂ ಯುವತಿ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಮದುವೆಯಾದರು. ಕೆಲವೇ ದಿನಗಳಲ್ಲಿ ಹಿಂದೂ ವಿವಾಹ ಕಾಯ್ದೆಯ ಅಡಿಯಲ್ಲಿ ನೋಂದಣಿಯೂ ಆಯಿತು. ಮುಂದಿನ ವರ್ಷವೇ ಆಕೆ ಈ ಮದುವೆ ಅಸಿಂಧು ಎಂದು ನ್ಯಾಯಾಲಯಕ್ಕೆ ಹೋದಳು. ಕೆಳ ನ್ಯಾಯಾಲಯ ಆಕೆಯ ಮಾತನ್ನು ಒಪ್ಪಲಿಲ್ಲ, ಹೈಕೋರ್ಟ್ ಒಪ್ಪಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2008ರ ಡಿಸೆಂಬರ್ 4ರಂದು ತೀರ್ಮಾನವಾಯಿತು. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಗಂಡು ಹೆಣ್ಣು ಇಬ್ಬರೂ ಹಿಂದೂಗಳಾಗಿರಬೇಕು. ಒಬ್ಬರು ಅಲ್ಲದಿದ್ದರೆ ತಾಳಿ, ಹೋಮ, ನೋಂದಣಿ ಪತ್ರ ಯಾವುದೂ ಆ ಮದುವೆಯನ್ನು ಉಳಿಸದು. ಆ ಪ್ರಕರಣದ ಇಬ್ಬರೂ ಭಾರತೀಯರೇ. ಆದರೆ ಲಿಯಾನಿನ ಕ್ಯಾಥೊಲಿಕ್ ಹುಡುಗನಿಗೂ ಮ್ಯಾಂಚೆಸ್ಟರಿನ ಪ್ರಾಟೆಸ್ಟೆಂಟ್ ಹುಡುಗಿಗೂ ಅದೇ ನಿಯಮ.

ಇದು ಗೊತ್ತಿಲ್ಲದ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದು ಎಲ್ಲರೂ ಕಂಡದ್ದೇ. ಪುರೋಹಿತರು ಉದಾರಿಗಳು. ಗೋತ್ರವಿಲ್ಲದವರಿಗೆ ಕಾಶ್ಯಪ ಗೋತ್ರ ಎಂಬ ಹಳೆಯ ಅನುಕೂಲ ಇದ್ದೇ ಇದೆ. ವರನಿಗೆ ಒಂದು ದಿನದ ಮಟ್ಟಿಗೆ ಸಂಸ್ಕೃತದ ಹೆಸರು ಇಡಲಾಗುತ್ತದೆ. ಪಂಚೆ ಜಾರದಂತೆ ಬೆಲ್ಟು ಕಟ್ಟಲಾಗುತ್ತದೆ. ಕಾಶಿಯಾತ್ರೆಗೆ ಹೊರಟ ಬಿಳಿಯ ಅಳಿಯ ಕೊಡೆ ಬಿಚ್ಚಿ ನಿಂತ ಫೋಟೊವನ್ನು ಇಡೀ ಬಳಗ ಹಂಚಿಕೊಳ್ಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ, ಚೆಂದವೇ ಇದೆ. ತೊಂದರೆ ಶುರುವಾಗುವುದು ಮಾರನೆಯ ದಿನ, ಯಾರೋ ಪರಿಚಯದ ಏಜೆಂಟರು "ನಾನು ಮಾಡಿಸಿಕೊಡ್ತೀನಿ ಸರ್" ಎಂದು ಲಗ್ನಪತ್ರಿಕೆ, ಫೋಟೊ, ಆಧಾರ್ ತೆಗೆದುಕೊಂಡು ಹಿಂದೂ ವಿವಾಹ ಕಾಯ್ದೆಯ ಫಾರಂ ತುಂಬಿದಾಗ. ಮತಾಂತರ ನಿಜವಾಗಿ ಆಗಿದ್ದರೆ, ಮನಸ್ಸಿನಿಂದ ಆಗಿದ್ದರೆ ಅದು ಬೇರೆ ಮಾತು. ಸರ್ಟಿಫಿಕೇಟಿಗಾಗಿ ಒಂದು ಮಧ್ಯಾಹ್ನ ಹಿಂದೂ ಆದವನ ಮದುವೆ ಮುಂದೊಂದು ದಿನ ಆಸ್ತಿಯದೋ ವಿಚ್ಛೇದನದ್ದೋ ಜಗಳದಲ್ಲಿ ಎದುರು ಪಕ್ಷದ ವಕೀಲನಿಗೆ ಸುಲಭದ ತುತ್ತು.

ಇಂಥ ಜೋಡಿಗಳಿಗೆಂದೇ ಇರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಅದರ ಅಜ್ಜನಂತಿದ್ದ 1872ರ ಕಾಯ್ದೆಯಲ್ಲಿ ಮದುವೆಯಾಗುವವರು ತಾವು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ ಎಂದು ಘೋಷಿಸಬೇಕಿತ್ತು, ಅಂದರೆ ಪ್ರೀತಿಗಾಗಿ ಸುಳ್ಳು ಹೇಳಬೇಕಿತ್ತು. 1954ರ ಕಾಯ್ದೆ ಆ ಅವಮಾನವನ್ನು ತೆಗೆದುಹಾಕಿತು. ಯಾರು ಯಾವ ಧರ್ಮದವರಾದರೂ ಆಗಿರಲಿ, ಒಬ್ಬರು ವಿದೇಶಿಯರೇ ಆಗಿರಲಿ, ಈ ಕಾಯ್ದೆಯಡಿ ಭಾರತದಲ್ಲಿ ಮದುವೆಯಾಗಬಹುದು. ಆದರೂ ನಮ್ಮ ಕಡೆ ಅದಕ್ಕಿರುವ ಹೆಸರು "ರಿಜಿಸ್ಟರ್ ಮ್ಯಾರೇಜ್". ಆ ಮಾತನ್ನು ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ, ಓಡಿಹೋದವರು ಮಾಡಿಕೊಳ್ಳುವುದು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಅಪ್ಪ ಅಮ್ಮ ಒಪ್ಪಿದ ಮೇಲೂ ರಿಜಿಸ್ಟರ್ ಯಾಕೆ, ಶಾಸ್ತ್ರೋಕ್ತವಾಗಿಯೇ ಆಗಲಿ ಎನ್ನುವುದು ಇದೇ ಕಾರಣಕ್ಕೆ.

ಹೀಗೆನ್ನುವವರು ಆ ಕಾಯ್ದೆಯ 12ನೇ ಕಲಮನ್ನು ಓದಿಲ್ಲ. ಮದುವೆ ವಿವಾಹಾಧಿಕಾರಿಯ ಕಚೇರಿಯಲ್ಲಿಯೇ ನಡೆಯಬೇಕೆಂದು ಅದು ಹೇಳುವುದಿಲ್ಲ. ಹೆಚ್ಚುವರಿ ಶುಲ್ಕ ಕಟ್ಟಿದರೆ ಅಧಿಕಾರಿ ಹತ್ತಿರದ ಬೇರೆ ಜಾಗಕ್ಕೆ ಬರಬಹುದು. ಮದುವೆ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದನ್ನೂ ಅದು ಜೋಡಿಯ ಇಷ್ಟಕ್ಕೇ ಬಿಟ್ಟಿದೆ. ಅಂದರೆ ಛತ್ರದಲ್ಲಿ, ಅದೇ ಮಂಟಪದಲ್ಲಿ, ಧಾರೆ ಎರೆದು, ಅಕ್ಷತೆ ಬಿದ್ದು, ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಇಬ್ಬರೂ ಒಂದೊಂದು ವಾಕ್ಯ ಹೇಳಿ ಸಹಿ ಹಾಕಿದರೆ ಅದು ವಿಶೇಷ ವಿವಾಹ ಕಾಯ್ದೆಯ ಮದುವೆಯೇ. ಶಾಸ್ತ್ರವೋ ಸಹಿಯೋ ಎಂಬ ಜಗಳವನ್ನು ಕಾನೂನು ಎಪ್ಪತ್ತು ವರ್ಷದ ಹಿಂದೆಯೇ ಮುಗಿಸಿದೆ, ಮನೆಗಳಲ್ಲಿ ಮಾತ್ರ ಅದು ಮುಗಿದಿಲ್ಲ.

ಹಾಗಾದರೆ ಎಲ್ಲರೂ ಈ ದಾರಿಯಲ್ಲೇ ಹೋಗಬಹುದಲ್ಲ? ಹೋಗಲಾರರು, ಮತ್ತು ಅದಕ್ಕೆ ಕಾರಣ ಕಾನೂನೇ. ಜೋಡಿಯಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ನೋಟಿಸ್‌ಗೆ ಮುಂಚೆ ಕನಿಷ್ಠ 30 ದಿನ ವಾಸವಾಗಿರಬೇಕು. ನೋಟಿಸ್ ಕೊಟ್ಟ ಮೇಲೆ ಅದನ್ನು ಕಚೇರಿಯಲ್ಲಿ ಅಂಟಿಸಿ ಇನ್ನೂ 30 ದಿನ ಕಾಯಬೇಕು, ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಲಿ ಎಂದು. ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಲಿಯಾನಿನಲ್ಲಿ ಕೆಲಸ ಮಾಡುವ ಹುಡುಗಿಗೆ ವರ್ಷಕ್ಕೆ ಸಿಗುವ ರಜೆ ಕೆಲವು ವಾರ. ಮಧುರವಾಡದ ಅಪ್ಪನ ಮನೆಯಲ್ಲಿ ಎರಡು ತಿಂಗಳು ಕೂತು ಮದುವೆಯಾಗಬೇಕೆಂದರೆ ಅವಳು ಕೆಲಸ ಬಿಡಬೇಕು. ನೋಟಿಸ್ ಅಂಟಿಸುವ ಪದ್ಧತಿಯಿಂದ ಮನೆಯವರ ವಿರೋಧ ಕಟ್ಟಿಕೊಂಡ ಜೋಡಿಗಳಿಗೆ ಎಂಥ ಅಪಾಯವಿದೆ ಎಂಬ ಚರ್ಚೆ ದೇಶದಲ್ಲಿ ಆಗಿದೆ. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ಜೋಡಿ ಕೇಳಿಕೊಂಡರೆ ಮಾತ್ರ ನೋಟಿಸ್ ಪ್ರಕಟಿಸಿದರೆ ಸಾಕು ಎಂದಿತು. ಮನೆಯವರ ಒಪ್ಪಿಗೆ ಇದ್ದೂ ರಜೆ ಇಲ್ಲದ ಜೋಡಿಗಳ ಕಷ್ಟ ಮಾತ್ರ ಯಾರ ಚರ್ಚೆಗೂ ಬಂದಂತಿಲ್ಲ. ಹಿಂದೂ ಹಿಂದೂವನ್ನು ಮದುವೆಯಾದರೆ ಸಾರ್ವಜನಿಕ ನೋಟಿಸ್ ಇಲ್ಲ, 30 ದಿನದ ವಾಸ ಇಲ್ಲ. ವಿದೇಶಿಯನ್ನು ಮದುವೆಯಾದರೆ ಎರಡೂ ಬೇಕು. ಪಾಸ್‌ಪೋರ್ಟು, ವೀಸಾ, ಆ ದೇಶದ ಅವಿವಾಹಿತ ಪ್ರಮಾಣಪತ್ರ ಎಲ್ಲವನ್ನೂ ಮೇಜಿನ ಮೇಲೆ ಇಟ್ಟವರನ್ನು ಗೋಡೆಗೆ ಅಂಟಿಸಿದ ಕಾಗದವೊಂದರ ಮುಂದೆ ಒಂದು ತಿಂಗಳು ನಿಲ್ಲಿಸುವುದರಲ್ಲಿ ಯಾವ ಎಚ್ಚರವೂ ಇಲ್ಲ, ಬರೀ ಹಠ ಇದೆ. ಆನ್‌ಲೈನ್ ನೋಟಿಸ್, ವಾಸದ ಷರತ್ತಿನಲ್ಲಿ ವಿನಾಯಿತಿ ಇಷ್ಟನ್ನು ತಂದರೂ ಸಾಕು, ಸುಳ್ಳು ಮತಾಂತರದ ಅರ್ಧದಷ್ಟು ಕಾರಣ ಇಲ್ಲವಾಗುತ್ತದೆ.

ಈ ಕಷ್ಟಕ್ಕೆ ಜನ ಕಂಡುಕೊಂಡ ಅಡ್ಡದಾರಿ ಒಂದಿದೆ. ಈಗ ಸರ್ಟಿಫಿಕೇಟು ಮಾಡಿಸಿ ವೀಸಾ ಹಾಕೋಣ, ಒಳ್ಳೆಯ ಮುಹೂರ್ತ ನೋಡಿ ಮದುವೆ ಆಮೇಲೆ ಮಾಡೋಣ ಎನ್ನುವುದು. ಮುಖ್ಯವಾಗಿ ಇಬ್ಬರೂ ಹಿಂದೂಗಳಾಗಿದ್ದು ಒಬ್ಬರು ವಿದೇಶದಲ್ಲಿರುವ ಮನೆಗಳಲ್ಲಿ ಇದು ಮಾಮೂಲು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದರ ಬುಡಕ್ಕೇ ಕೈ ಹಾಕಿತು. ಪೈಲಟ್ ತರಬೇತಿ ಪಡೆದಿದ್ದ ಇಬ್ಬರು ಶಾಸ್ತ್ರವಿಲ್ಲದೆ ಮೊದಲೇ ಪಡೆದಿದ್ದ ಸರ್ಟಿಫಿಕೇಟನ್ನು ಅದು ಅನೂರ್ಜಿತ ಎಂದಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಪೀಠದಲ್ಲಿದ್ದರು. ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಸ್ತ್ರ ನಡೆದರೆ ಮಾತ್ರ ಮದುವೆ, ನೋಂದಣಿ ಅದಕ್ಕೆ ಸಾಕ್ಷಿ ಅಷ್ಟೆ, ವೀಸಾ ಅರ್ಜಿಗೋಸ್ಕರ ತೆಗೆದ ಕಾಗದ ಯಾರನ್ನೂ ಗಂಡ ಹೆಂಡತಿ ಮಾಡುವುದಿಲ್ಲ ಎಂಬುದು ತೀರ್ಪಿನ ಸಾರ. ವಿಶೇಷ ವಿವಾಹ ಕಾಯ್ದೆಯಲ್ಲಿ ಲೆಕ್ಕ ತಿರುವು ಮುರುವು. ಅಲ್ಲಿ ಅಧಿಕಾರಿಯ ಎದುರಿನ ಘೋಷಣೆಯೇ ಮದುವೆ, ಹೋಮ ಮನೆಯವರ ಸಂತೋಷ. ಯಾವ ಕಾಯ್ದೆ ಎಂದು ಮೊದಲೇ ತಿಳಿಯದೆ ಯಾವುದನ್ನು ಮುಂಚೆ ಮಾಡಬೇಕೆಂದು ಹೇಳುವುದು ಜೋಯಿಸರಿಗೂ ಸಾಧ್ಯವಿಲ್ಲ.

ಇನ್ನು ಮದುವೆ ಅಲ್ಲೇ, ಹೊರದೇಶದಲ್ಲೇ ಆಗಲಿ ಎಂದರೆ? ಆಗ ಆ ನೆಲದ ಪಂಚಾಂಗ. ಫ್ರಾನ್ಸಿನಲ್ಲಿ ಮೊದಲು ಪುರಸಭೆಯಲ್ಲಿ ಸಿವಿಲ್ ಮದುವೆ ಆಗಲೇಬೇಕು. ಅದಕ್ಕೂ ಮುಂಚೆ ಧಾರ್ಮಿಕ ಮದುವೆ ಮಾಡಿಸುವುದನ್ನು ರೂಢಿ ಮಾಡಿಕೊಂಡ ಪಾದ್ರಿಗೂ ಪುರೋಹಿತನಿಗೂ ಅಲ್ಲಿ ಶಿಕ್ಷೆ ಉಂಟು. ಇಂಗ್ಲೆಂಡಿನಲ್ಲಿ ನೋಂದಾಯಿತವಲ್ಲದ ಜಾಗದಲ್ಲಿ ಬರೀ ಸಪ್ತಪದಿ ತುಳಿದರೆ ಕಾನೂನಿನ ಕಣ್ಣಿಗೆ ಇಬ್ಬರೂ ಇನ್ನೂ ಅವಿವಾಹಿತರು. ಅಲ್ಲಿಗೆ ಸಾಮಾನ್ಯ ಪ್ರವಾಸಿ ವೀಸಾದಲ್ಲಿ ಹೋಗಿ ಮದುವೆಯಾಗುವಂತೆಯೂ ಇಲ್ಲ, ಅದಕ್ಕೆ ಬೇರೆಯದೇ ವೀಸಾ. ಅಮೆರಿಕದ ಪ್ರಜೆಯ ಭಾವಿ ಪತ್ನಿಯಾಗಿ ಕೆ-1 ವೀಸಾದಲ್ಲಿ ಹೋದವಳು 90 ದಿನದೊಳಗೆ ಮದುವೆಯಾಗಬೇಕು, ಆ 90 ದಿನದಲ್ಲಿ ಆಷಾಢ ಬಂದರೂ ಶೂನ್ಯಮಾಸ ಬಂದರೂ ಅದು ಅವಳ ಪಾಡು. ಜರ್ಮನಿ ಮದುವೆಯಾಗುವ ಅರ್ಹತೆಯ ಪತ್ರ ಕೇಳುತ್ತದೆ. ಆ ಬಗೆಯ ಪತ್ರ ನಮ್ಮಲ್ಲಿ ಇಲ್ಲದ್ದರಿಂದ ಅಲ್ಲಿನ ಉಚ್ಚ ನ್ಯಾಯಾಲಯದಿಂದ ವಿನಾಯಿತಿ ತರಬೇಕು. ಭಾರತ 2005ರಲ್ಲಿ ಅಪೋಸ್ಟಿಲ್ ಒಪ್ಪಂದ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ನಮ್ಮ ಜನನ ಪ್ರಮಾಣಪತ್ರಗಳಿಗೆ ಅಲ್ಲಿ ಬೇರೆಯದೇ ತಪಾಸಣೆಯ ಕಾಟವೂ ಇತ್ತು. ಇದರಿಂದ ಬೇಸತ್ತ ಯೂರೋಪಿನ ಎಷ್ಟೋ ಮಿಶ್ರ ಜೋಡಿಗಳು ಡೆನ್ಮಾರ್ಕಿಗೆ ಹೋಗಿ ಮದುವೆಯಾಗುತ್ತವೆ. ಅಲ್ಲಿ ಕಾಗದ ಕಡಿಮೆ, ಕಾಯುವುದೂ ಕಡಿಮೆ. ಏರೋ ಎಂಬ ಪುಟ್ಟ ದ್ವೀಪ ಇಂಥ ಮದುವೆಗಳಿಂದಲೇ ಹೆಸರಾಗಿದೆ. ಉಡುಪಿಯ ಹುಡುಗಿಯೊಬ್ಬಳಿಗೂ ಮ್ಯೂನಿಕ್ಕಿನ ಹುಡುಗನಿಗೂ ಯಾವ ಸಂಬಂಧವೂ ಇಲ್ಲದ ಮೂರನೆಯ ದೇಶದ ದ್ವೀಪದಲ್ಲಿ ಮದುವೆ! ಕೇಳಲು ವಿಚಿತ್ರ, ಆದರೆ ಆ ಕ್ಷಣದಲ್ಲಿ ಅವರಿಗೆ ಅದೇ ಜಾಣತನ.

ಭಾರತೀಯ ರಾಯಭಾರ ಕಚೇರಿಯಲ್ಲೇ ಮದುವೆಯಾಗುವ ದಾರಿಯೂ ಇದೆ. 1969ರ ವಿದೇಶಿ ವಿವಾಹ ಕಾಯ್ದೆ ಅದಕ್ಕೆಂದೇ ಬಂದದ್ದು. ಜೋಡಿಯಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರೆ ಸಾಕು. ಆದರೆ ಅಲ್ಲೂ 30 ದಿನದ ವಾಸ, 30 ದಿನದ ನೋಟಿಸ್ ಬೆನ್ನು ಬಿಡುವುದಿಲ್ಲ. ಇದಕ್ಕಿಂತ ಕೆಲಸಕ್ಕೆ ಬರುವುದು ಅದೇ ಕಾಯ್ದೆಯ 17ನೇ ಕಲಮು. ಆ ದೇಶದ ಕಾನೂನಿನಂತೆ ಆಗಿರುವ ಮದುವೆಯನ್ನು ಭಾರತೀಯ ಅಧಿಕಾರಿಯ ಬಳಿ ನೋಂದಾಯಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ.

ಇಷ್ಟೆಲ್ಲ ಕಾಗದದ ಮಾತಾಯಿತು, ಕಾಗದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಹೊರದೇಶದ ಮದುವೆಗೆ ಯಾರು ಬರಬೇಕೆಂದು ತೀರ್ಮಾನಿಸುವವರು ಅಪ್ಪ ಅಮ್ಮ ಅಲ್ಲ, ವೀಸಾ ಅಧಿಕಾರಿ. ಲಗ್ನಪತ್ರಿಕೆಯಲ್ಲಿ ಹೆಸರಿದ್ದರೂ ಬ್ಯಾಂಕಿನ ಸ್ಟೇಟ್‌ಮೆಂಟು ತೆಳ್ಳಗಿದ್ದ ಸೋದರಮಾವ ಬರುವುದಿಲ್ಲ. ಐಟಿ ರಿಟರ್ನ್ಸ್ ಹಾಕದ ಚಿಕ್ಕಪ್ಪ ಬರುವುದಿಲ್ಲ. ಪಾಸ್‌ಪೋರ್ಟೇ ಇಲ್ಲದ ಅಜ್ಜಿಯ ವಿಷಯ ಬಿಡಿ. ನಮ್ಮ ಮದುವೆಗಳಲ್ಲಿ ಸೋದರಮಾವನಿಗೆ ಇರುವ ಕೆಲಸವನ್ನು ಇನ್ನೊಬ್ಬರು ಮಾಡಲು ಬರುವುದಿಲ್ಲ. ಹೊರಗಿನ ಮದುವೆ ಸಣ್ಣದು, ಚೊಕ್ಕ, ಖರ್ಚು ಕಡಿಮೆ ಎಂದು ಹೊಗಳುವವರು ಹೀಗೆ ಸೋಸಿ ಉಳಿದವರು ಯಾರೆಂದು ಒಮ್ಮೆ ಫೋಟೊದಲ್ಲಿ ಎಣಿಸಬೇಕು. ಸಾಮಾನ್ಯವಾಗಿ ಉಳಿದಿರುವುದು ಬಳಗದಲ್ಲಿ ಸಂಬಳ ಹೆಚ್ಚಿದ್ದವರು.

ಹಾಗೆಂದು ಎಲ್ಲರೂ ಇಲ್ಲೇ ಮದುವೆಯಾಗಲಿ ಎನ್ನುವ ದೇಶಾಭಿಮಾನದ ಮಾತೂ ಇಲ್ಲಿ ಕೂರುವುದಿಲ್ಲ. 2023ರ ನವೆಂಬರ್ 26ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ನರೇಂದ್ರ ಮೋದಿ, ದೊಡ್ಡ ಮನೆತನಗಳು ಹೊರದೇಶಕ್ಕೆ ಹೋಗಿ ಮದುವೆ ಮಾಡುವುದು ಅಗತ್ಯವೇ ಎಂದು ಕೇಳಿದರು. ಸರೋವರದ ದಂಡೆಯ ಅರಮನೆ ಬಾಡಿಗೆ ಹಿಡಿಯುವವರಿಗೆ ಆ ಪ್ರಶ್ನೆ ಸರಿ. ಆದರೆ ಬೀಗರೇ ಪರದೇಶದವರಾದಾಗ ಯಾವ ಊರಲ್ಲಿ ಮಾಡಿದರೂ ಅರ್ಧ ಬಳಗಕ್ಕೆ ಅದು ವಿದೇಶದ ಮದುವೆಯೇ. ವಿಶಾಖಪಟ್ಟಣಕ್ಕೆ ಬರಲು ಲಿಯಾನಿನ ಅಜ್ಜಿಗೂ ವೀಸಾ ಬೇಕು, ಅವಳ ಮೊಣಕಾಲೂ ನೋಯುತ್ತದೆ.

ಎಲ್ಲ ಚೆನ್ನಾಗಿದ್ದಾಗ ಈ ಮಾತುಗಳೆಲ್ಲ ಅಪಶಕುನದಂತೆ ಕೇಳುತ್ತವೆ. ಕೆಟ್ಟಾಗ ಮಾತ್ರ ಯಾವ ಕಾನೂನು ಎಂಬುದು ಜೀವನ್ಮರಣದ ಪ್ರಶ್ನೆ. ಇದಕ್ಕೂ ಆಂಧ್ರದ್ದೇ ಹಳೆಯ ಉದಾಹರಣೆ ಇದೆ. 1975ರಲ್ಲಿ ತಿರುಪತಿಯಲ್ಲಿ ಮದುವೆಯಾದ ಗಂಡನೊಬ್ಬ ಅಮೆರಿಕದ ಮಿಸ್ಸೌರಿಯ ನ್ಯಾಯಾಲಯದಿಂದ ವಿಚ್ಛೇದನ ಪಡೆದು, 1981ರಲ್ಲಿ ಯಾದಗಿರಿಗುಟ್ಟದಲ್ಲಿ ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟಳು. 1991ರ ಜುಲೈ 9ರಂದು ಸುಪ್ರೀಂ ಕೋರ್ಟ್ ಆ ವಿದೇಶಿ ವಿಚ್ಛೇದನವನ್ನು ಮಾನ್ಯ ಮಾಡಲಿಲ್ಲ. ಯಾವ ಕಾಯ್ದೆಯಡಿ ಮದುವೆಯಾಯಿತೋ ಆ ಕಾಯ್ದೆ ಒಪ್ಪುವ ಕಾರಣಕ್ಕೇ ವಿಚ್ಛೇದನ ಆಗಿರಬೇಕು, ಎದುರು ಪಕ್ಷ ಆ ವಿದೇಶಿ ನ್ಯಾಯಾಲಯದ ಅಧಿಕಾರಕ್ಕೆ ಮನಸಾರೆ ಒಪ್ಪಿ ಹಾಜರಾಗಿರಬೇಕು ಎಂದಿತು. ಅಲ್ಲಿ ಮದುವೆಯಾದದ್ದು ಇಬ್ಬರು ಹಿಂದೂ ಭಾರತೀಯರು. ಆದರೂ ಹೊರದೇಶದ ತೀರ್ಪು ಕೈಯಲ್ಲಿ ಹಿಡಿದು ಬರುವ ಎಲ್ಲ ದಂಪತಿಗಳಿಗೂ ನಮ್ಮ ನ್ಯಾಯಾಲಯಗಳು ಹಾಕುವ ಅಳತೆಗೋಲು ಬಹುಪಾಲು ಇದೇ. ಆ ಹೆಂಗಸಿಗೆ ನ್ಯಾಯ ಸಿಕ್ಕಿದ್ದಕ್ಕೆ ತಿರುಪತಿಯ ಮದುವೆಯ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ ಎಂಬುದೂ ಒಂದು ಕಾರಣ. ಮದುವೆಯೇ ಅಸಿಂಧುವಾಗಿದ್ದರೆ ದೂರು ಕೊಡಲು ಅವಳಿಗೆ ನೆಲವೇ ಇರುತ್ತಿರಲಿಲ್ಲ.

ಆಸ್ತಿಯ ಬಾಬತ್ತೂ ಇದೆ. ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು ಹಿಂದೂ, ಬೌದ್ಧ, ಸಿಖ್, ಜೈನ ಅಲ್ಲದವರನ್ನು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ, ಆ ಕಾಯ್ದೆಯ 19ನೇ ಕಲಮಿನ ಪ್ರಕಾರ ಕುಟುಂಬದಿಂದ ಬೇರೆಯಾದಂತೆ. ಪಾಲು ಕಳೆದುಹೋಗುವುದಿಲ್ಲ, ಆದರೆ ಒಟ್ಟು ಮನೆತನದಿಂದ ಕೊಂಡಿ ಕಳಚುತ್ತದೆ, ಮುಂದಿನ ಉತ್ತರಾಧಿಕಾರಕ್ಕೆ ಬೇರೆ ಕಾಯ್ದೆ. ಅಡಿಕೆ ತೋಟ, ಗದ್ದೆ ಇನ್ನೂ ಜಂಟಿ ಖಾತೆಯಲ್ಲಿರುವ ಮಲೆನಾಡಿನ ಮನೆಗಳು ಇದನ್ನು ಮದುವೆಗೆ ಮುಂಚೆ ತಿಳಿದಿರುವುದು ಒಳ್ಳೆಯದು. ಅಣ್ಣತಮ್ಮಂದಿರು ಇದನ್ನು ಬೆದರಿಕೆಯಾಗಿ ಬಳಸುವ ಮುಂಚೆ ಮಗಳಿಗೆ ಗೊತ್ತಿರುವುದು ಇನ್ನೂ ಒಳ್ಳೆಯದು. ವಿದೇಶಿ ಗಂಡನಿಗೋ ಹೆಂಡತಿಗೋ ಒಸಿಐ ಕಾರ್ಡು ಬೇಕೆಂದರೆ ಮದುವೆ ನೋಂದಣಿಯಾಗಿ ಕನಿಷ್ಠ ಎರಡು ವರ್ಷ ಅದು ಸತತವಾಗಿ ಉಳಿದಿರಬೇಕು. ಸರ್ಟಿಫಿಕೇಟಿನ ತಾರೀಖೇ ಮುಂದಿನ ದಾರಿಯ ಮೈಲಿಗಲ್ಲು. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬೇಕಾದರೆ ಒಂದು ವರ್ಷದೊಳಗೆ ಭಾರತೀಯ ಕಚೇರಿಯಲ್ಲಿ ಜನನ ದಾಖಲಿಸಬೇಕು.

ಈ ದಾರಿಗಳಾದರೂ ಗಂಡು ಹೆಣ್ಣಿನ ಜೋಡಿಗೆ. ಒಂದೇ ಲಿಂಗದ ಜೋಡಿಗಳು ವಿಶೇಷ ವಿವಾಹ ಕಾಯ್ದೆಯ ಜೊತೆಗೆ ವಿದೇಶಿ ವಿವಾಹ ಕಾಯ್ದೆಯ ಬಾಗಿಲನ್ನೂ ತಟ್ಟಿದ್ದವು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ತೆರೆಯಲಿಲ್ಲ. ಹೊರಗೆ ಕಾನೂನುಬದ್ಧ ದಂಪತಿಯಾಗಿರುವ ಇಬ್ಬರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಸ್ನೇಹಿತರಾಗಿಬಿಡುತ್ತಾರೆ.

ಕನ್ನಡನಾಡಿಗೆ ಇಂಥ ಮದುವೆಗಳು ಹೊಸತಲ್ಲ. ಕೊಡಗಿನ ಪದಚ್ಯುತ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ಇಂಗ್ಲೆಂಡಿಗೆ ಹೋಗಿ, ವಿಕ್ಟೋರಿಯಾ ರಾಣಿಯನ್ನು ಧರ್ಮಮಾತೆಯಾಗಿ ಪಡೆದು ಕ್ರೈಸ್ತಳಾದಳು. ಪಂಜಾಬಿನ ದುಲೀಪ್ ಸಿಂಗನಿಗೆ ಅವಳನ್ನು ಕೊಡಬೇಕೆಂಬ ರಾಣಿಯ ಆಸೆ ಕೈಗೂಡಲಿಲ್ಲ. 1860ರಲ್ಲಿ ತನಗಿಂತ ತುಂಬ ಹಿರಿಯನಾದ ಜಾನ್ ಕ್ಯಾಂಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾಗಿ, 1864ರಲ್ಲಿ ತೀರಿಕೊಂಡಳು. ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಅವಳ ಮದುವೆಯ ಯೋಜನೆಯಲ್ಲಿ ಅವಳೊಬ್ಬಳ ಮಾತಿಗೆ ಬಿಟ್ಟು ಉಳಿದೆಲ್ಲರ ಮಾತಿಗೂ ಜಾಗ ಇತ್ತು. ಹಾಸನದಲ್ಲಿ ಹುಟ್ಟಿದ ರಾಜಾರಾವ್ ಕತೆ ಬೇರೆ. ಫ್ರಾನ್ಸಿನ ಮಾಂಪೆಲಿಯೆಗೆ ಓದಲು ಹೋಗಿ 1931ರಲ್ಲಿ ಕಮಿಲ್ ಮೂಲಿ ಎಂಬ ಫ್ರೆಂಚ್ ಅಧ್ಯಾಪಕಿಯನ್ನು ತಾನೇ ಮೆಚ್ಚಿ ಮದುವೆಯಾದರು. ಆ ದಾಂಪತ್ಯ ಉಳಿಯಲಿಲ್ಲ. ದಕ್ಷಿಣ ಭಾರತದ ಬ್ರಾಹ್ಮಣನೊಬ್ಬ, ಅವನ ಫ್ರೆಂಚ್ ಹೆಂಡತಿ, ಅವರ ಮುರಿದ ಸಂಸಾರ 1960ರ 'ದಿ ಸರ್ಪೆಂಟ್ ಅಂಡ್ ದ ರೋಪ್' ಕಾದಂಬರಿಯ ವಸ್ತುವಾಯಿತು. ಎರಡು ದೇಶಗಳ ನಡುವಿನ ಪ್ರೀತಿ ಕಷ್ಟ ಎನ್ನಲು ಈ ಪುಸ್ತಕವನ್ನು ತೋರಿಸುವ ಹಿರಿಯರಿದ್ದಾರೆ. ಒಂದೇ ಬೀದಿಯ ಎರಡು ಮನೆಗಳ ನಡುವೆ ಮುರಿದ ಸಂಸಾರಗಳ ಬಗ್ಗೆ ಕನ್ನಡದಲ್ಲಿ ಎಷ್ಟು ಕಾದಂಬರಿಗಳಿವೆ ಎಂದು ಅವರನ್ನೇ ಕೇಳಬಹುದು.

ಮಧುರವಾಡದ ಆ ಮನೆಗೆ ಮರಳಿದರೆ, ಅಲ್ಲಿ ಹೇಳಬಹುದಾದದ್ದು ಇಷ್ಟು. ಛತ್ರಕ್ಕೆ ಮುಂಗಡ ಕೊಡುವ ಮೊದಲು ಮಗಳು ಮತ್ತು ಹುಡುಗ ಎರಡೂ ದೇಶಗಳ ನಿಯಮ ಬಲ್ಲ ವಕೀಲರೊಬ್ಬರ ಜೊತೆ ಒಂದು ಗಂಟೆ ಕೂರಲಿ. ಆಭರಣದ ಖರ್ಚಿನಲ್ಲಿ ಅದು ಒಂದು ಓಲೆಯ ತಿರುಪಿನಷ್ಟೂ ಆಗದು. ಕಾನೂನಿನ ಮದುವೆ ಫ್ರಾನ್ಸಿನ ಪುರಸಭೆಯಲ್ಲಿ ಆಗುವುದಾದರೆ ಆಗಲಿ, ಅದನ್ನು ಭಾರತೀಯ ಕಚೇರಿಯಲ್ಲಿ ನೋಂದಾಯಿಸಲಿ. ಆಮೇಲೆ ಇಲ್ಲಿ ಧಾರೆ, ಊಟ, ಆರತಕ್ಷತೆ ಎಲ್ಲ ನಡೆಯಲಿ, ಆದರೆ ಅದರ ಮೇಲೆ ಇನ್ನೊಂದು ಹಿಂದೂ ವಿವಾಹ ನೋಂದಣಿ ಮಾತ್ರ ಬೇಡ. ಎರಡು ತಾರೀಖಿನ ಎರಡು ಸರ್ಟಿಫಿಕೇಟು ಕಂಡ ವೀಸಾ ಅಧಿಕಾರಿಗೆ ಬರುವ ಸಂಶಯವನ್ನು ತೀರಿಸುವುದು ಕಷ್ಟ. ಇಲ್ಲೇ ಎರಡು ತಿಂಗಳು ಇರುವ ಅನುಕೂಲ ಮಗಳಿಗಿದ್ದರೆ ವಿವಾಹಾಧಿಕಾರಿಯನ್ನು ಛತ್ರಕ್ಕೆ ಕರೆಯಲು ಅರ್ಜಿ ಹಾಕಲಿ. ಮೂವರು ಸಾಕ್ಷಿಗಳಲ್ಲಿ ಒಬ್ಬರು ಆ ಪಾಸ್‌ಪೋರ್ಟಿಲ್ಲದ ಅಜ್ಜಿ ಆಗಬಹುದು. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಆ ಒಂದು ವಾಕ್ಯ ಹೇಳಬಹುದೆಂದು ಕಾಯ್ದೆಯೇ ಹೇಳುತ್ತದೆ. ಅಷ್ಟು ಕನ್ನಡ ಕಲಿಯಲು ಹುಡುಗನಿಗೆ ನೋಟಿಸಿನ 30 ದಿನ ಹೇಗೂ ಇದೆ.